ಯಾವ ಗಿಡ ನೆಡಬೇಕು? ಕೊಪ್ಪಳ ಸೀಮೆಯ ಬಡಾವಣೆಗಳು ಮತ್ತು ನಿಯಮಗಳು

ಹೊಲವೊಂದು ಎನ್‌.ಎ. (ಕೃಷಿಯೇತರ) ಆಗಿ ಪ್ಲಾಟುಗಳಾಗುವಾಗ ಕಡತದಲ್ಲಿ ಎಲ್ಲಕ್ಕೂ ಅಳತೆ ಇರುತ್ತದೆ. ರಸ್ತೆ ಎಷ್ಟು ಅಗಲವಿರಬೇಕು, ಚರಂಡಿ ಎಲ್ಲಿಗೆ ಹೋಗಿ ಕೂಡಬೇಕು, ವಿದ್ಯುತ್ ಕಂಬ ಎಷ್ಟು ದೂರಕ್ಕೊಂದು, ಉದ್ಯಾನಕ್ಕೆ ಎಷ್ಟು ಜಾಗ ಎಂಬುದೆಲ್ಲ ನಕ್ಷೆಯಲ್ಲೇ ತೀರ್ಮಾನವಾಗುತ್ತದೆ. ಆ ಉದ್ಯಾನದಲ್ಲಿ ಯಾವ ಗಿಡ ಇರಬೇಕೆಂಬುದನ್ನು ಮಾತ್ರ ಗುತ್ತಿಗೆದಾರನಿಗೂ ನರ್ಸರಿಯವನಿಗೂ ಬಿಟ್ಟುಬಿಡಲಾಗುತ್ತದೆ. ಅವರು ತರುವುದು ಬೇಗ ಬೆಳೆಯುವ, ದನ ಬಾಯಿ ಹಾಕದ, ಲಾರಿಗಟ್ಟಲೆ ಒಮ್ಮೆಗೇ ಸಿಗುವ ಗಿಡವನ್ನು. ಹೀಗಾಗಿ ಕುಷ್ಟಗಿಯ ಮಸಾರಿ ನೆಲಕ್ಕೂ ಯಲಬುರ್ಗಾದ ಎರೆಗೂ ಗಂಗಾವತಿಯ ಕಾಲುವೆ ಬದಿಗೂ ಅದೇ ಹುಲ್ಲುಹಾಸು, ಅದೇ ಪಾಮ್ ಸಾಲು, ಅದೇ ಬಣ್ಣದೆಲೆಯ ಬೇಲಿ ಬಂದು ಕೂತಿದೆ. ಬೆಂಗಳೂರಿನ ಹವೆಗೆ ಹೊಂದಿದ ಚಂದವನ್ನು ಬಿಸಿಲುನಾಡಿಗೆ ತಂದು, ಟ್ಯಾಂಕರ್ ನೀರಿನಲ್ಲಿ ಉಳಿಸಿಕೊಳ್ಳಲು ನಾವು ಹೆಣಗುತ್ತಿದ್ದೇವೆ.

ಸ್ಥಳೀಯ ಗಿಡಗಳಿಗೆ ಆದ್ಯತೆ ಕೊಡಬೇಕೆಂಬ ಮಾತು ನಮ್ಮ ಕಾನೂನುಗಳಲ್ಲಿ ಇಲ್ಲದೆ ಇಲ್ಲ. ದಿಲ್ಲಿಯ ಅಧಿಸೂಚನೆಗಳಲ್ಲಿ ಅದು ಸ್ಪಷ್ಟವಾಗಿದೆ. ಕೊಪ್ಪಳದ ಓಣಿಗೆ ಬರುವಷ್ಟರಲ್ಲಿ ಸವೆದುಹೋಗುತ್ತದೆ. ಎಲ್ಲಿ ಸವೆಯುತ್ತದೆ, ಏಕೆ ಸವೆಯುತ್ತದೆ, ಅದನ್ನು ಗಟ್ಟಿ ಮಾಡಲು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ಊರಿನ ಸ್ಥಳೀಯ ಸಂಸ್ಥೆಗಳು ಏನು ಮಾಡಬಹುದು ಎಂಬುದು ಈ ಲೇಖನದ ವಿಷಯ.

ನೆಲ ಒಂದೇ ಅಲ್ಲ

1997ರಲ್ಲಿ ರಾಯಚೂರಿನಿಂದ ಬೇರೆಯಾದ ಕೊಪ್ಪಳ ಜಿಲ್ಲೆಯಲ್ಲಿ ಆಗ ಇದ್ದದ್ದು ಇವೇ ನಾಲ್ಕು ತಾಲ್ಲೂಕುಗಳು. ಕುಕನೂರು, ಕನಕಗಿರಿ, ಕಾರಟಗಿ ಆಮೇಲೆ ಒಡಮೂಡಿದವು. ವರ್ಷದ ಮಳೆ 600 ಮಿ.ಮೀ. ಆಸುಪಾಸು. ಅದೂ ಕೆಲವೇ ವಾರಗಳಲ್ಲಿ ಸುರಿದು ಮುಗಿಯುತ್ತದೆ. ಮಳೆ ಇಷ್ಟೇ ಆದರೂ ನೆಲ ಮಾತ್ರ ಊರಿಂದ ಊರಿಗೆ ಬದಲಾಗುತ್ತದೆ.

ಯಲಬುರ್ಗಾ, ಕುಕನೂರು ಕಡೆಯ ಎರೆ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುತ್ತದೆ. ಬೇರು ಹರಿಯುವ ಈ ನೆಲದಲ್ಲಿ ತಲೆಮಾರುಗಳಿಂದ ಗಟ್ಟಿಯಾಗಿ ನಿಂತಿರುವುದು ಬನ್ನಿ, ಕರಿಜಾಲಿ, ಬೇವು. ಹೊಲದ ನಡುವಿನ ಬನ್ನಿಗಿಡವನ್ನು ರೈತರು ಕಡಿಯದೆ ಉಳಿಸಿಕೊಂಡಿದ್ದಾರೆ. ಅದರ ಬೇರು ಆಳಕ್ಕಿಳಿಯುತ್ತದೆ, ನೆಲಕ್ಕೆ ಸಾರಜನಕ ಸೇರಿಸುತ್ತದೆ, ನೆರಳು ತೆಳುವಾದ್ದರಿಂದ ಕೆಳಗಿನ ಬೆಳೆಗೆ ಅಡ್ಡಿಯಿಲ್ಲ. ಎಳ್ಳ ಅಮಾವಾಸ್ಯೆಯ ಪೂಜೆ ನಡೆಯುವುದು, ಚರಗ ಚೆಲ್ಲಲು ಹೊರಡುವುದು ಆ ಗಿಡದ ಬುಡದಿಂದಲೇ. ದಸರೆಯಲ್ಲಿ ಹಿರಿಯರ ಕಾಲಿಗೆರಗಿ ಕೈಗಿಡುವ ಬಂಗಾರವೂ ಅದರ ಎಲೆಯೇ.

ಕುಷ್ಟಗಿ ಮತ್ತು ಕೊಪ್ಪಳದ ಬಹುಭಾಗ ಮಸಾರಿ. ನೀರು ಬೇಗ ಇಂಗಿ ಬೇಗ ಒಣಗುವ ನೆಲ. ಇಲ್ಲಿ ಬೇವು, ಕಮರ, ಕಕ್ಕೆ, ಮುತ್ತುಗ, ಬಿಲ್ವಪತ್ರೆ ಚೆನ್ನಾಗಿ ಬರುತ್ತವೆ. ಕಂಟಿಗಳಲ್ಲಿ ತಂಗಡಿ, ಲಕ್ಕಿ, ಬಂದರಿಕೆ ಸಾಕಷ್ಟಿವೆ. ತಂಗಡಿಯ ಹಳದಿ ಹೂವು ಯಾವ ನರ್ಸರಿ ಹೂವಿಗೂ ಕಡಿಮೆಯಿಲ್ಲ, ಮೇಕೆ ಅದಕ್ಕೆ ಸುಲಭದಲ್ಲಿ ಬಾಯಿ ಹಾಕುವುದಿಲ್ಲ, ನೀರು ಕೇಳುವುದಿಲ್ಲ. ರಸ್ತೆ ವಿಭಜಕಕ್ಕೆ ಇದಕ್ಕಿಂತ ಒಳ್ಳೆಯ ಗಿಡ ಹುಡುಕುವುದು ಕಷ್ಟ.

ಗಂಗಾವತಿ, ಕಾರಟಗಿ ಕಡೆ ಕಥೆಯೇ ಬೇರೆ. 1953ರಲ್ಲಿ ತುಂಗಭದ್ರೆಗೆ ಅಣೆಕಟ್ಟು ಬಂದ ಮೇಲೆ ಎಡದಂಡೆ ಕಾಲುವೆ ಈ ಸೀಮೆಯನ್ನು ಭತ್ತದ ಕಣಜ ಮಾಡಿತು. ಜತೆಗೆ ಅಲ್ಲಲ್ಲಿ ನೆಲ ಜೌಗಾಗಿ ಸವಳಾಯಿತು. ಅಂಥ ನೆಲಕ್ಕೆ ಹೊಂಗೆ, ಹೊಳೆಮತ್ತಿ, ಕರಿಜಾಲಿ ಹೊಂದುತ್ತವೆ. ನದಿ ದಂಡೆಗೆ ನೇರಳೆ, ಅತ್ತಿ ಹೇಳಿ ಮಾಡಿಸಿದ್ದು.

ಇನ್ನು ಆನೆಗೊಂದಿಯಿಂದ ಕನಕಗಿರಿಯತ್ತ ಹಬ್ಬಿದ ಕಲ್ಲುಗುಡ್ಡಗಳು. ಹಿರೇಬೆಣಕಲ್ಲಿನ ಬೃಹತ್ ಶಿಲಾಯುಗದ ಗೋರಿಗಳಿರುವುದು ಇಂಥ ಗುಡ್ಡದ ಮೇಲೆ. 2021ರಲ್ಲಿ ಅದು ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೆ ಸೇರಿದೆ. ಈ ಗುಡ್ಡಗಳಲ್ಲಿ ಬಾರಿ, ಕವಳಿ, ಪರಗಿ, ಕಾರೆ, ಜಾನಿ ಬೆಳೆಯುತ್ತವೆ. ಇವು ಕರಡಿಗೆ ಊಟ. ಹೊಳೆಯಾಚೆ ದರೋಜಿಯಲ್ಲಿ 1994ರಲ್ಲಿ ಕರಡಿಧಾಮವಾಯಿತು. ಈಚೆ ದಡದ ಗುಡ್ಡಗಳಲ್ಲೂ ಕರಡಿಗಳಿವೆ. ಗಂಗಾವತಿ ತಾಲ್ಲೂಕಿನ ಬಂಕಾಪುರದ ಕುರುಚಲು ಕಾಡನ್ನು ಸರ್ಕಾರ ತೋಳಗಳ ಧಾಮವೆಂದು ಗುರುತಿಸಿದೆ. ಬರಡು ಎಂದು ನಾವು ಮುಖ ತಿರುಗಿಸುವ ಕಂಟಿಕಾಡಿಗೆ ಇಷ್ಟು ಜೀವಗಳ ಭಾರವಿದೆ.

ಮೇಲಿನ ಪಟ್ಟಿಯಲ್ಲಿ ಹುಣಸೆ ಇಲ್ಲದ್ದನ್ನು ಓದುಗರು ಗಮನಿಸಿರಬಹುದು. ಅದರ ಮೂಲ ಆಫ್ರಿಕಾ. ಆದರೆ ಅದು ಬಂದು ಎಷ್ಟೋ ಶತಮಾನಗಳಾಗಿವೆ, ನಮ್ಮ ಸಾರಿಗೂ ದಾರಿಯ ನೆರಳಿಗೂ ಒಗ್ಗಿದೆ, ಹಬ್ಬಿ ಬೇರೆ ಗಿಡಗಳನ್ನು ನುಂಗಿಲ್ಲ. ಸ್ಥಳೀಯ ಎಂಬುದನ್ನು ಮೂಲ ಕೆದಕುವ ಹಟವಾಗಿ ನೋಡಬಾರದು. ಈ ಮಳೆಯಲ್ಲಿ ಬದುಕುತ್ತದೆಯೇ, ಇಲ್ಲಿನ ಹಕ್ಕಿ, ಜೇನು, ಚಿಟ್ಟೆಗೆ ಆಸರೆಯಾಗುತ್ತದೆಯೇ, ತಾನೇ ತಾನಾಗಿ ಹಬ್ಬಿ ಹಾಳು ಮಾಡುವುದಿಲ್ಲವೇ ಎಂಬ ಮೂರು ಪರೀಕ್ಷೆ ಸಾಕು. ಹುಣಸೆ ಮೂರರಲ್ಲೂ ಗೆಲ್ಲುತ್ತದೆ.

ನೆಟ್ಟು ಕೆಟ್ಟ ಪಾಠಗಳು

ಪರೀಕ್ಷೆ ಮಾಡದೆ ನೆಟ್ಟರೆ ಏನಾಗುತ್ತದೆಂದು ತಿಳಿಯಲು ಈ ಸೀಮೆಯವರು ದೂರ ಹೋಗಬೇಕಿಲ್ಲ. ಬಳ್ಳಾರಿ ಜಾಲಿಯನ್ನು ಅಮೆರಿಕ ಖಂಡದಿಂದ 19ನೇ ಶತಮಾನದ ಉತ್ತರಾರ್ಧದಲ್ಲಿ ಭಾರತಕ್ಕೆ ತಂದದ್ದು ಉರುವಲು ಸಿಗಲಿ, ಬೋಳು ನೆಲ ಹಸಿರಾಗಲಿ ಎಂಬ ಒಳ್ಳೆಯ ಉದ್ದೇಶಕ್ಕೇ. ಇಂದು ಅದು ಕೆರೆಯಂಗಳ, ಹಳ್ಳದ ದಂಡೆ, ಗೋಮಾಳ ಎಲ್ಲವನ್ನೂ ಮುತ್ತಿದೆ. 2019ರಲ್ಲಿ ಕೊಪ್ಪಳದ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಜನರೇ ಸೇರಿ ಹಿರೇಹಳ್ಳವನ್ನು ಸುಮಾರು 26 ಕಿ.ಮೀ. ಉದ್ದಕ್ಕೂ ಸ್ವಚ್ಛಗೊಳಿಸಿದರು. ಅಂಥ ದೊಡ್ಡ ಕೆಲಸ ಉಳಿಯಬೇಕಾದರೆ ತೆರವಾದ ದಂಡೆಯಲ್ಲಿ ಮತ್ತೆ ಜಾಲಿ ತಲೆಯೆತ್ತುವ ಮೊದಲು ಹೊಂಗೆ, ಹೊಳೆಮತ್ತಿ, ನೇರಳೆ, ಲಕ್ಕಿ ಬೇರೂರಬೇಕು. ಕಿತ್ತದ್ದು ಅರ್ಧ ಕೆಲಸ, ಆ ಜಾಗಕ್ಕೆ ಸರಿಯಾದ ಗಿಡ ತರುವುದು ಉಳಿದರ್ಧ.

ನೀಲಗಿರಿಯ ಪಾಠವೂ ಇಂಥದೇ. ದಶಕಗಳ ಕಾಲ ಸರ್ಕಾರವೇ ಹಂಚಿ ಬೆಳೆಸಿದ ನೀಲಗಿರಿ ಮತ್ತು ಅಕೇಶಿಯಾಗಳಿಗೆ ಅಂತರ್ಜಲದ ಕಾರಣಕ್ಕೆ 2017ರಲ್ಲಿ ಸರ್ಕಾರವೇ ತಡೆ ಹಾಕಿತು. ಈಗಿನ ಸರದಿ ಕೊನೊಕಾರ್ಪಸ್‌ನದು. ವರ್ಷವಿಡೀ ಹಸಿರು, ಕತ್ತರಿಸಿದಂತೆ ಬೆಳೆಯುವ ಗುಣ, ದನಕ್ಕೆ ಬೇಡವಾದ ಎಲೆ ಎಂದು ಉದ್ಯಾನಗಳಿಗೂ ಕಾರ್ಖಾನೆ ಬೇಲಿಗಳಿಗೂ ನಾಡಿನ ತುಂಬ ಹಬ್ಬಿದ ಗಿಡ ಇದು. ಪರಾಗದ ಅಲರ್ಜಿ, ಚರಂಡಿ ಮತ್ತು ಕೇಬಲ್‌ಗಳಿಗೆ ನುಗ್ಗುವ ಬೇರು ಎಂಬ ಕಾರಣಗಳಿಂದ ಗುಜರಾತ್ ಸರ್ಕಾರ 2023ರಲ್ಲಿ ಇದನ್ನು ನೆಡುವುದನ್ನೇ ನಿಷೇಧಿಸಿತು. ಮೊದಲು ನೆಡುವುದು, ಮೂವತ್ತು ವರ್ಷವಾದ ಮೇಲೆ ನಿಷೇಧಿಸುವುದು, ಆಮೇಲೆ ಕೀಳಲು ದುಡ್ಡು ಸುರಿಯುವುದು ನಮಗೆ ರೂಢಿಯಾಗಿಬಿಟ್ಟಿದೆ. ನೆಡುವ ದಿನವೇ ಪಟ್ಟಿ ನೋಡುವುದು ಎಷ್ಟೋ ಅಗ್ಗ.

ನಿಯಮಗಳು ಏನು ಹೇಳುತ್ತವೆ?

ಮೇಲಿನಿಂದ ಕೆಳಗೆ ನೋಡುತ್ತ ಬರೋಣ. 20,000 ಚದರ ಮೀಟರಿಗೆ ಮೇಲ್ಪಟ್ಟ ಕಟ್ಟಡಗಳಿಗೆ ಪರಿಸರ ಅನುಮತಿ ಬೇಕು. ಅದರ ಸಾಮಾನ್ಯ ಷರತ್ತುಗಳು ಖಡಾಖಂಡಿತವಾಗಿವೆ: ಪ್ರತಿ 80 ಚದರ ಮೀಟರ್ ಜಾಗಕ್ಕೆ ಕನಿಷ್ಠ ಒಂದು ಮರ ಇರಬೇಕು, ಉದ್ಯಾನದ ಯೋಜನೆಯಲ್ಲಿ ಸ್ಥಳೀಯ ಗಿಡಗಳಿರಬೇಕು, ಹೆಚ್ಚು ನೀರು ಕುಡಿಯುವ ಅಥವಾ ಆಕ್ರಮಣಕಾರಿ ಗಿಡಗಳನ್ನು ಬಳಸಬಾರದು, ಅನಿವಾರ್ಯವಾಗಿ ಒಂದು ಮರ ಕಡಿದರೆ ಹತ್ತು ನೆಡಬೇಕು. ಇದಕ್ಕಿಂತ ಚೆನ್ನಾಗಿ ಬರೆಯುವುದು ಕಷ್ಟ. ಆದರೆ ಕೊಪ್ಪಳ, ಗಂಗಾವತಿಯಲ್ಲಿ ಆ ಅಳತೆಯ ಕಟ್ಟಡಗಳೇ ಬೆರಳೆಣಿಕೆಯಷ್ಟು. ಕುಷ್ಟಗಿ, ಯಲಬುರ್ಗಾದ ಮಾತು ಬಿಡಿ. ನಮ್ಮ ಊರುಗಳು ಬೆಳೆಯುತ್ತಿರುವುದು ಮೂವತ್ತು–ನಲವತ್ತರ ಪ್ಲಾಟುಗಳ ಸಣ್ಣ ಸಣ್ಣ ಲೇಔಟುಗಳಾಗಿ. ಒಳ್ಳೆಯ ಷರತ್ತು ಅವುಗಳ ತಲೆಯ ಮೇಲಿಂದ ಹಾದುಹೋಗುತ್ತದೆ.

ಕೇಂದ್ರ ನಗರಾಭಿವೃದ್ಧಿ ಸಚಿವಾಲಯದ 2014ರ ನಗರ ಹಸಿರೀಕರಣ ಮಾರ್ಗಸೂಚಿಯೂ 2016ರ ಮಾದರಿ ಕಟ್ಟಡ ಉಪವಿಧಿಗಳೂ ಇದೇ ದಿಕ್ಕಿನಲ್ಲಿವೆ. ಮಾರ್ಗಸೂಚಿ ಮತ್ತು ಮಾದರಿ ಎಂಬ ಹೆಸರೇ ಹೇಳುವಂತೆ, ರಾಜ್ಯಗಳೂ ಪೌರಸಂಸ್ಥೆಗಳೂ ಒಪ್ಪಿ ತಮ್ಮದಾಗಿಸಿಕೊಂಡರಷ್ಟೇ ಅವಕ್ಕೆ ಬಲ.

ರಾಜ್ಯದ ಮಟ್ಟದಲ್ಲಿ ಮೂರು ಕಾಯ್ದೆಗಳು ಮುಖ್ಯ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ಲೇಔಟಿನಲ್ಲಿ ಉದ್ಯಾನಕ್ಕೆ ಜಾಗ ಬಿಡಲೇಬೇಕು. 1985ರ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಕಾಯ್ದೆ ಆ ಜಾಗ ಬೇರೆಯದಕ್ಕೆ ಬಳಕೆಯಾಗದಂತೆ ಕಾಯುತ್ತದೆ. 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಮರ ಕಡಿಯಲು ಅನುಮತಿ ಬೇಕೆನ್ನುತ್ತದೆ. ಈ ಮೂರನೆಯದರಲ್ಲಿ ನಮಗೆ ಬೇಕಾದ ಸುಳಿವೊಂದಿದೆ. ನೀಲಗಿರಿ, ಸರ್ವೆ, ಸಿಲ್ವರ್ ಓಕ್, ಸುಬಾಬುಲ್ ಮುಂತಾದವುಗಳ ಹೆಸರು ಬರೆದು, ಅವಕ್ಕೆ ಅನುಮತಿ ಬೇಡವೆಂದು ಕಾಯ್ದೆ ಬಿಟ್ಟುಕೊಟ್ಟಿದೆ. ಅಂದರೆ ಮರಗಳನ್ನು ಹೆಸರು ಹಿಡಿದು ವಿಂಗಡಿಸುವುದು ನಮ್ಮ ಕಾನೂನಿಗೆ ಹೊಸದಲ್ಲ. ಕಡಿಯುವಾಗ ಪಟ್ಟಿ ನೋಡುವ ಕಾನೂನು ನೆಡುವಾಗಲೂ ನೋಡಬಹುದು.

ಕೆಳಗಿನ ಮಟ್ಟದಲ್ಲಿ ಕೊಪ್ಪಳ ಮತ್ತು ಗಂಗಾವತಿಗೆ ನಗರಸಭೆ, ಕುಷ್ಟಗಿಗೆ ಪುರಸಭೆ, ಯಲಬುರ್ಗಾಕ್ಕೆ ಪಟ್ಟಣ ಪಂಚಾಯಿತಿ ಇವೆ. 1964ರ ಪೌರಸಭೆಗಳ ಕಾಯ್ದೆ ಇವಕ್ಕೆ ಉಪವಿಧಿ ಮಾಡುವ ಅಧಿಕಾರ ಕೊಟ್ಟಿದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಸಿದ್ಧವಾಗಬೇಕು. ಊರಿನ ಗಿಡಮರಗಳ ಹೆಸರು, ಬಳಕೆ, ಇರುವ ಜಾಗ ಎಲ್ಲ ಆ ದಾಖಲೆಯಲ್ಲಿ ಬರಬೇಕು. ಪಟ್ಟಿ ಮಾಡಬೇಕಾದ ಸಮಿತಿ ಕಾನೂನಿನಲ್ಲಿದೆ, ಪಟ್ಟಿಗೆ ಬಲ ಕೊಡುವ ಉಪವಿಧಿಯ ಅಧಿಕಾರವೂ ಇದೆ. ಇವೆರಡನ್ನೂ ಲೇಔಟ್ ಮಂಜೂರಾತಿಗೆ ಜೋಡಿಸುವ ಕೊಂಡಿಯೇ ಕಳಚಿರುವುದು.

ನೀರಿನ ಲೆಕ್ಕ

ಸ್ಥಳೀಯ ಗಿಡದ ಮಾತನ್ನು ಭಾವುಕತೆ ಎಂದು ತಳ್ಳಿಹಾಕುವವರಿಗೆ ನೀರಿನ ಲೆಕ್ಕವೇ ಉತ್ತರ. ನಮ್ಮ ಬೇಸಿಗೆಯಲ್ಲಿ ಹುಲ್ಲುಹಾಸು ಹಸಿರಾಗಿ ಉಳಿಯಲು ಚದರ ಮೀಟರಿಗೆ ದಿನಕ್ಕೆ ಸುಮಾರು 5 ಲೀಟರ್ ನೀರು ಬೇಕು. ಹತ್ತು ಗುಂಟೆ, ಅಂದರೆ ಸುಮಾರು 1,000 ಚದರ ಮೀಟರ್ ಹುಲ್ಲಿಗೆ ದಿನವೂ 5,000 ಲೀಟರ್. ಪಟ್ಟಣದಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಎಂಬ ಸರ್ಕಾರಿ ಮಾನದಂಡ ಹಿಡಿದರೆ ಇದು 37 ಜನರ ನೀರು. ಅದೇ 5,000 ಲೀಟರಿನಲ್ಲಿ, ಸಸಿಗೆ ವಾರಕ್ಕೆ 20 ಲೀಟರಿನಂತೆ, 250 ಸಸಿಗಳಿಗೆ ಒಂದು ವಾರ ಉಣಿಸಬಹುದು. ಎರಡು ಬೇಸಿಗೆ ದಾಟಿದ ಬೇವು, ಬನ್ನಿ, ಕಕ್ಕೆಗೆ ಆಮೇಲೆ ನಮ್ಮ ನೀರು ಬೇಕಾಗುವುದೇ ಕಡಿಮೆ. ಹುಲ್ಲುಹಾಸಿಗೆ ಮಾತ್ರ ಇರುವವರೆಗೂ ಬೇಕು.

ಕುಷ್ಟಗಿ, ಯಲಬುರ್ಗಾ ಭಾಗದ ಎಷ್ಟೋ ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇದೆ. ಕುಡಿಯಲು ಯೋಗ್ಯವಾದ ನೀರನ್ನು ಹೊರಗಿನಿಂದ ತರಬೇಕಾದ ಸೀಮೆ ಇದು. ಕಾಲುವೆ ನೀರು ಕಂಡ ಗಂಗಾವತಿಯೂ ನಿಶ್ಚಿಂತವಲ್ಲ. ಹೂಳು ತುಂಬಿ ತುಂಗಭದ್ರಾ ಜಲಾಶಯದ ಸಾಮರ್ಥ್ಯ 133 ಟಿಎಂಸಿ ಅಡಿಯಿಂದ ಸುಮಾರು 105ಕ್ಕೆ ಇಳಿದಿದೆ. 2024ರ ಆಗಸ್ಟ್‌ನಲ್ಲಿ 19ನೇ ಗೇಟು ಕೊಚ್ಚಿಹೋದಾಗ ಇಡೀ ಸೀಮೆಯ ಎದೆ ನಡುಗಿತು. ಇಂಥಲ್ಲಿ ನೋಟಕ್ಕಷ್ಟೇ ಇರುವ ಹುಲ್ಲಿಗೆ ನೀರು ಸುರಿಯಲು ಅನುಮತಿ ಕೊಡುವ ನಿಯಮ ತಪ್ಪು ನಿಯಮ.

ಕಾರ್ಖಾನೆ, ಹೆದ್ದಾರಿ, ಹಂಪಿ ಸೀಮೆ

ಬಡಾವಣೆಗಳಾಚೆ ಮೂರು ಕಡೆ ಈ ಪ್ರಶ್ನೆ ಇನ್ನೂ ದೊಡ್ಡದು. ಕೊಪ್ಪಳದ ಗಿಣಿಗೇರಿ ಸುತ್ತಿನ ಉಕ್ಕು, ಬೀಡುಕಬ್ಬಿಣದ ಕಾರ್ಖಾನೆಗಳ ಧೂಳು ಜನರ ಉಸಿರಿಗೂ ಬೆಳೆಗೂ ಮುಟ್ಟಿದೆ. ಕಾರ್ಖಾನೆ ವಿಸ್ತರಣೆ ಬೇಡವೆಂದು 2025ರ ಫೆಬ್ರುವರಿ 24ರಂದು ಕೊಪ್ಪಳವೇ ಬಂದ್ ಆಗಿತ್ತು. ಇಂಥ ಉದ್ಯಮಗಳ ಪರಿಸರ ಅನುಮತಿಯಲ್ಲಿ ಸಾಮಾನ್ಯವಾಗಿ ಜಾಗದ ಶೇ 33ರಷ್ಟು ಹಸಿರು ಪಟ್ಟಿ ಇರಬೇಕು, ಸ್ಥಳೀಯ ಅಗಲೆಲೆಯ ಮರಗಳಿರಬೇಕು, ಹೆಕ್ಟೇರಿಗೆ 2,500 ಗಿಡಗಳಿರಬೇಕು ಎಂಬ ಷರತ್ತು ಇರುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2000ದಲ್ಲಿ ಹೊರತಂದ ಹಸಿರು ಪಟ್ಟಿ ಮಾರ್ಗಸೂಚಿ ಕೃಷಿ ಹವಾಮಾನ ವಲಯವಾರು ಗಿಡಗಳ ಹೆಸರನ್ನೇ ಕೊಟ್ಟಿದೆ. ಷರತ್ತು ಪಾಲಿಸಿದ ವರದಿಯನ್ನು ಉದ್ಯಮಗಳು ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಸಲ್ಲಿಸಬೇಕು, ಅದು ಸಾರ್ವಜನಿಕ ದಾಖಲೆ. ಅದರಲ್ಲಿ ಗಿಡದ ಸಂಖ್ಯೆಯ ಪಕ್ಕದಲ್ಲಿ ಗಿಡದ ಹೆಸರನ್ನೂ ಬದುಕುಳಿದ ಲೆಕ್ಕವನ್ನೂ ಕೇಳುವ ಹಕ್ಕು ಊರಿನವರಿಗಿದೆ. ಹಸಿರು ಪಟ್ಟಿ ಹೊಗೆಯನ್ನು ನಿಲ್ಲಿಸಲಾರದು, ಮಾಲಿನ್ಯಕ್ಕೆ ಪರಿಹಾರವೂ ಅಲ್ಲ. ಆದರೆ ಇರಬೇಕಾದದ್ದು ಸರಿಯಾಗಿರಲಿ.

ಹುಬ್ಬಳ್ಳಿಯಿಂದ ಕೊಪ್ಪಳದ ಮೇಲೆ ಹೊಸಪೇಟೆಗೆ ಹೋಗುವ 67ನೇ ಹೆದ್ದಾರಿ, ಕುಷ್ಟಗಿಯ ಮೇಲೆ ಹಾಯುವ 50ನೇ ಹೆದ್ದಾರಿ ಅಗಲವಾಗಿವೆ. 2015ರ ಹಸಿರು ಹೆದ್ದಾರಿ ನೀತಿ ಯೋಜನಾ ವೆಚ್ಚದ ಶೇ 1ರಷ್ಟನ್ನು ಗಿಡಮರಗಳಿಗೆ ಮೀಸಲಿಡಿಸಿತು. ಗವಿಮಠ ಮತ್ತು ಪಾಲ್ಕಿಗುಂಡಿನ ಬಂಡೆಗಳಲ್ಲಿ ಶಾಸನ ಉಳಿದಿರುವ ಅಶೋಕ, ದಾರಿ ಬದಿಗೆ ಆಲ ನೆಡಿಸಿದ್ದಾಗಿ ಬೇರೊಂದು ಶಾಸನದಲ್ಲಿ ಹೇಳಿಕೊಂಡಿದ್ದಾನೆ. ಈ ಸೀಮೆಯ ದಾರಿಗಳಿಗೆ ಆಲ, ಬೇವು, ಹುಣಸೆ ಸಾಲುಗಳು ಮತ್ತೆ ಬರಬೇಕು. ನಡುವಿನ ವಿಭಜಕಕ್ಕೆ ತಂಗಡಿ, ಬಂದರಿಕೆ ಸಾಕು.

ಆನೆಗೊಂದಿ ಸೀಮೆ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ವ್ಯಾಪ್ತಿಯಲ್ಲಿದೆ. ಇಲ್ಲಿ ಕಟ್ಟಡದ ಎತ್ತರ, ಬಳಕೆಗೆ ಕಟ್ಟುಪಾಡುಗಳಿವೆ. 2022–23ರ ರಾಜ್ಯ ಬಜೆಟ್ ಇಲ್ಲಿನ ಅಂಜನಾದ್ರಿ ಬೆಟ್ಟದ ಅಭಿವೃದ್ಧಿಗೆ ₹100 ಕೋಟಿ ಘೋಷಿಸಿತ್ತು. ಅಲ್ಲಿ ಆಗುವ ಪಾರ್ಕಿಂಗ್, ಮೆಟ್ಟಿಲು, ಯಾತ್ರಿ ನಿವಾಸಗಳ ಸುತ್ತ ಯಾವ ಗಿಡ ಬರುತ್ತದೆಂಬುದು ಬಂಡೆಗಳಷ್ಟೇ ಮುಖ್ಯ. ಕಲ್ಲುಗುಡ್ಡದ ತಪ್ಪಲಿಗೆ ರಾಯಲ್ ಪಾಮ್ ತಂದರೆ ಆ ಭೂದೃಶ್ಯದ ಪರಂಪರೆಗೇ ಪೆಟ್ಟು.

ಬೇರೆಡೆ ಏನಾಗಿದೆ?

ನಮ್ಮ ಗುಡ್ಡಗಳಿಗೆ ಹತ್ತಿರದ ಮಾದರಿ ಜೋಧಪುರದ್ದು. ಮೆಹರಾನಗಡ ಕೋಟೆಯ ಬುಡದ ಸುಮಾರು 70 ಹೆಕ್ಟೇರ್ ಬಂಡೆ ನೆಲವನ್ನು ಬಳ್ಳಾರಿ ಜಾಲಿಯೇ ಆವರಿಸಿತ್ತು. 2006ರಿಂದ ಪ್ರದೀಪ್ ಕ್ರಿಶೆನ್ ಅವರ ಮಾರ್ಗದರ್ಶನದಲ್ಲಿ ಬಂಡೆ ಸೀಳಿನಿಂದ ಅದರ ಬೇರು ತೆಗೆದು, ಅದೇ ಗುಂಡಿಗಳಲ್ಲಿ ಮರುಭೂಮಿಯ ಕಲ್ಲುಗಿಡಗಳನ್ನು ಕೂರಿಸಿದರು. ಇಂದು ರಾವ್ ಜೋಧಾ ಉದ್ಯಾನವನ್ನು ಜನ ಟಿಕೆಟ್ ಕೊಟ್ಟು ನೋಡುತ್ತಾರೆ. ಕೊಪ್ಪಳ ಕೋಟೆ, ಹಿರೇಬೆಣಕಲ್ ಗುಡ್ಡದ ತಪ್ಪಲಲ್ಲಿ ಇದು ಆಗದಿರಲು ಕಾರಣವಿಲ್ಲ.

ಅಮೆರಿಕದ ನೆವಾಡಾ ರಾಜ್ಯ 2021ರಲ್ಲಿ ಕಾನೂನು ಮಾಡಿ, ಲಾಸ್ ವೇಗಸ್ ಸೀಮೆಯ ಕಚೇರಿ ಮುಂಭಾಗ, ರಸ್ತೆ ವಿಭಜಕಗಳಲ್ಲಿ ಯಾರೂ ಆಡದ, ಕೂರದ ಹುಲ್ಲಿಗೆ 2027ರಿಂದ ಕೊಲರಾಡೊ ನದಿಯ ನೀರು ಹಾಯಿಸಬಾರದೆಂದಿತು. ಮಕ್ಕಳು ಆಡುವ ಮೈದಾನಕ್ಕೆ ತಡೆಯಿಲ್ಲ. ಅರಿಜೋನಾದ ಟೂಸಾನ್ ನಗರದಲ್ಲಿ ಕಟ್ಟಡಕ್ಕೆ ನೆಲ ತೆರವು ಮಾಡುವ ಮೊದಲು ಅಲ್ಲಿನ ಮರುಭೂಮಿ ಗಿಡಗಳನ್ನು ಗುರುತಿಸಿ ಉಳಿಸುವ ಅಥವಾ ಕಿತ್ತು ಬೇರೆಡೆ ನೆಡುವ ನಿಯಮವಿದೆ. ಮೊದಲನೆಯದು ನೀರಿನ ಬಾಗಿಲಿನಿಂದ ಬಂದ ನಿಯಮ, ಎರಡನೆಯದು ಇರುವುದನ್ನು ಉಳಿಸುವ ನಿಯಮ. ನಮಗೆ ಎರಡೂ ಬೇಕು. ಲೇಔಟಿಗಾಗಿ ಹೊಲ ಸಮತಟ್ಟು ಮಾಡುವಾಗ ಜೆಸಿಬಿಯ ಹಲ್ಲಿಗೆ ಮೊದಲು ಸಿಗುವುದು ಬದುವಿನ ಬನ್ನಿ, ಬೇವುಗಳೇ. ಐವತ್ತು ವರ್ಷದ ಮರವನ್ನು ಉರುಳಿಸಿ ಐದಡಿಯ ಸಸಿ ನೆಡುವುದನ್ನು ಹಸಿರೀಕರಣವೆಂದು ಒಪ್ಪಬಾರದು.

ಆಕ್ಷೇಪಗಳು

ಜನರ ಆಕ್ಷೇಪಗಳಲ್ಲಿ ಹುರುಳಿದೆ. ಆಲ, ಅರಳಿಯ ಬೇರು ಗೋಡೆ ಸೀಳುತ್ತದೆ. ಹಾಗಾದರೆ ಅವು ಉದ್ಯಾನದ ನಡುವೆ, ಕೆರೆ ದಂಡೆಯಲ್ಲಿ ಇರಲಿ. ಮನೆ ಮುಂದೆ, ವಿದ್ಯುತ್ ತಂತಿಯ ಕೆಳಗೆ ಕಕ್ಕೆ, ಬಿಲ್ವದಂಥ ಮಧ್ಯಮ ಮರಗಳಿರಲಿ. ಜಾಲಿ, ಬಾರಿಯ ಮುಳ್ಳು ಮಕ್ಕಳಿಗೆ ಚುಚ್ಚುತ್ತದೆ. ಅವು ಬೇಲಿಗೆ, ಗುಡ್ಡಕ್ಕೆ ಇರಲಿ, ಆಟದ ಜಾಗಕ್ಕೆ ಬೇಡ. ಸ್ಥಳೀಯ ಗಿಡ ನಿಧಾನ ಬೆಳೆಯುತ್ತದೆ ಎಂಬುದು ಕೆಲವಕ್ಕೆ ನಿಜ, ಹೊಂಗೆ ಮತ್ತು ಬೇವು ಅಷ್ಟೇನೂ ನಿಧಾನವಲ್ಲ. ಮನೆಯಂಗಳದ ಗುಲಾಬಿ, ದಾಸವಾಳ, ಕಾಗದದ ಹೂವಿಗೆ ಯಾವ ನಿಯಮವೂ ಕೈಹಾಕಬಾರದು. ನಿಯಮದ ಹದ್ದು ಸಾರ್ವಜನಿಕ ಉದ್ಯಾನ, ರಸ್ತೆ ಬದಿ, ಸಿ.ಎ. (ನಾಗರಿಕ ಸೌಲಭ್ಯ) ಜಾಗ ಮತ್ತು ದೊಡ್ಡ ಆವರಣಗಳಿಗೆ ನಿಲ್ಲಬೇಕು.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಸಸಿ ಎಲ್ಲಿದೆ ಎಂಬುದು. ಬನ್ನಿ, ಕಮರ, ತಂಗಡಿಯ ಸಸಿಯನ್ನು ಮಾರುಕಟ್ಟೆಯ ನರ್ಸರಿಯಲ್ಲಿ ಕೇಳಿದರೆ ಸಿಗುವುದು ಅಪರೂಪ. ಕೇಳುವವರಿಲ್ಲದೆ ಬೆಳೆಸುವುದಿಲ್ಲ, ಬೆಳೆಸದೆ ಕೇಳುವವರಿಲ್ಲ. ಈ ಸುತ್ತನ್ನು ಮುರಿಯಲು ನಿಯಮವೇ ಸಾಧನ. ಪಟ್ಟಿ ಕಡ್ಡಾಯವಾದರೆ ಬೇಡಿಕೆ ಹುಟ್ಟುತ್ತದೆ. ಅರಣ್ಯ ಇಲಾಖೆಯ ಸಸ್ಯಕ್ಷೇತ್ರಗಳೂ ಮಹಿಳಾ ಸ್ವಸಹಾಯ ಸಂಘಗಳೂ ಅದನ್ನು ಪೂರೈಸಬಲ್ಲವು.

ಏನಾಗಬೇಕು?

ಮೊದಲನೆಯದಾಗಿ, ನಾಲ್ಕೂ ಊರಿನ ಜೀವವೈವಿಧ್ಯ ಸಮಿತಿಗಳು ಎರೆ, ಮಸಾರಿ, ಜೌಗು–ಸವಳು, ಕಲ್ಲುಗುಡ್ಡ ಎಂಬ ನಾಲ್ಕು ನೆಲಕ್ಕೆ ನಾಲ್ಕು ಪಟ್ಟಿ ಮಾಡಲಿ. ಹಿರಿಯ ರೈತರು, ಕುರಿಗಾಹಿಗಳು, ನಾಟಿ ವೈದ್ಯರು, ಕಾಲೇಜುಗಳ ಸಸ್ಯಶಾಸ್ತ್ರ ಅಧ್ಯಾಪಕರು ಒಟ್ಟಿಗೆ ಕೂತರೆ ಇದು ದೊಡ್ಡ ಕೆಲಸವಲ್ಲ. ನೆಡಬಾರದ ಗಿಡಗಳ ಪಟ್ಟಿಯೂ ಜತೆಗಿರಲಿ.

ಎರಡನೆಯದಾಗಿ, ಸಾರ್ವಜನಿಕ ಹಸಿರು ಜಾಗದ ಗಿಡಗಳಲ್ಲಿ ಮೂರರಲ್ಲಿ ಎರಡು ಪಾಲು ಈ ಪಟ್ಟಿಯದ್ದಾಗಿರಬೇಕು, ಯಾವೊಂದು ಗಿಡವೂ ನಾಲ್ಕರಲ್ಲಿ ಒಂದು ಪಾಲು ಮೀರಬಾರದು, ಹುಲ್ಲುಹಾಸು ಆಟಕ್ಕಷ್ಟೇ ಸೀಮಿತವಾಗಿರಬೇಕು ಎಂದು ಉಪವಿಧಿ ಬರಲಿ. ಲೇಔಟ್ ನಕ್ಷೆಯ ಜತೆ ಗಿಡಗಳ ನಕ್ಷೆಯನ್ನೂ, ಈಗಾಗಲೇ ಇರುವ ಮರಗಳ ಪಟ್ಟಿಯನ್ನೂ ಕೇಳಲಿ.

ಮೂರನೆಯದಾಗಿ, ನೆಟ್ಟ ಲೆಕ್ಕ ಬಿಟ್ಟು ಬದುಕಿದ ಲೆಕ್ಕ ಹಿಡಿಯಲಿ. ರಾಜ್ಯದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ರೈತನಿಗೆ ಹಣ ಕೊಡುವುದು ಮೂರು ವರ್ಷ, ವರ್ಷವೂ ಬದುಕಿರುವ ಸಸಿ ಎಣಿಸಿ. ರೈತನಿಗೆ ಅನ್ವಯಿಸುವ ಈ ನ್ಯಾಯ ಡೆವಲಪರನಿಗೂ ಅನ್ವಯಿಸಲಿ. ಅವನ ಠೇವಣಿಯ ಒಂದು ಭಾಗವನ್ನು ಮೂರನೇ ವರ್ಷದ ತಪಾಸಣೆಯವರೆಗೆ ಹಿಡಿದಿಡಲಿ.

ಇದಕ್ಕೆ ಹೊಸ ಕಾಯ್ದೆ ಬೇಡ, ದೊಡ್ಡ ಅನುದಾನ ಬೇಡ. ಸದಸ್ಯರೊಬ್ಬರು ಸಾಮಾನ್ಯ ಸಭೆಯಲ್ಲಿ ವಿಷಯ ಎತ್ತಿದರೆ ಚಾಲನೆ ಸಿಗುತ್ತದೆ. ಓದುಗರಲ್ಲಿ ಕೇಳಿಕೊಳ್ಳುವುದಿಷ್ಟೇ: ನಿಮ್ಮ ಓಣಿಯ ಉದ್ಯಾನಕ್ಕೆ ಬರುವ ಮುಂಗಾರಿನಲ್ಲಿ ಯಾವ ಗಿಡ ಬರಲಿದೆ ಎಂದು ನಿಮ್ಮ ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿಯನ್ನು ಬರವಣಿಗೆಯಲ್ಲಿ ಕೇಳಿ. ಉತ್ತರವಾಗಿ ಬರೀ ಸಂಖ್ಯೆ ಬಂದರೆ ಒಪ್ಪಬೇಡಿ, ಹೆಸರು ಕೇಳಿ.